ಕೋಳಿ ಭ್ರೂಣದ ಹೃದಯದಲ್ಲಿ ರಕ್ತ ಹರಿಯುವುದನ್ನು ಕ್ಯಾಮೆರಾದಲ್ಲಿ ಹಿಡಿದು ಅಳೆಯುವುದು ಹೇಗೆ: ಬೆಂಗಳೂರಿನ ಕಾಲೇಜು ಲ್ಯಾಬ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಕಾವಿಗೆ ಇಟ್ಟ ಕೋಳಿ ಮೊಟ್ಟೆಯನ್ನು ಮೂರನೇ ದಿನ ತೆರೆದು ನೋಡಿ. ಹಳದಿಯ ಮೇಲೆ ಕೆಂಪು ನಾಳಗಳ ಬಲೆ ಹರಡಿರುತ್ತದೆ. ಅದರ ನಡುವೆ ಸಾಸಿವೆ ಕಾಳಿನಷ್ಟು ಹೃದಯ ಬಡಿಯುತ್ತಿರುತ್ತದೆ. ಅದಕ್ಕೆ ಇನ್ನೂ ಕವಾಟಗಳಿಲ್ಲ, ನಾಲ್ಕು ಕೋಣೆಗಳೂ ಇಲ್ಲ. ಬಾಗಿದ ಒಂದು ಕೊಳವೆ ಅಷ್ಟೇ. ಆದರೂ ರಕ್ತವನ್ನು ಮುಂದಕ್ಕೇ ತಳ್ಳುತ್ತದೆ. 1628ರಲ್ಲಿ ವಿಲಿಯಂ ಹಾರ್ವೆ ರಕ್ತ ಪರಿಚಲನೆಯ ಬಗ್ಗೆ ಬರೆದಾಗ ಮೊಟ್ಟೆಯೊಳಗಿನ ಈ ಬಡಿಯುವ ಕೆಂಪು ಚುಕ್ಕೆಯ ಬಗ್ಗೆಯೂ ಬರೆದಿದ್ದ.

ಇದನ್ನು ಸುಮ್ನೆ ನೋಡಿದರೆ ಸಾಲದಾ, ಅಳೆಯುವುದು ಯಾಕೆ ಅಂತ ಕೇಳಬಹುದು. ಕಾರಣ ಇದೆ. ಹೃದಯ ರಕ್ತವನ್ನು ಹರಿಸುತ್ತದೆ ಅನ್ನುವುದು ಅರ್ಧ ಕಥೆ. ಹರಿಯುವ ರಕ್ತವೂ ಹೃದಯದ ಆಕಾರವನ್ನು ತಿದ್ದುತ್ತದೆ. 2003ರಲ್ಲಿ ಅಮೆರಿಕದ ಕ್ಯಾಲ್‌ಟೆಕ್ ತಂಡ ಜೀಬ್ರಾಫಿಶ್ ಭ್ರೂಣದ ಹೃದಯದ ಬಾಯಿಗೆ ಒಂದು ಸೂಕ್ಷ್ಮ ಮಣಿ ಇಟ್ಟು ಹರಿವಿಗೆ ಅಡ್ಡ ಹಾಕಿತು. ಜೀನ್ ಯಾವುದನ್ನೂ ಮುಟ್ಟಲಿಲ್ಲ. ಆದರೂ ಹೃದಯ ಸರಿಯಾಗಿ ಬಾಗಲಿಲ್ಲ, ಕವಾಟಗಳು ಮೂಡಲಿಲ್ಲ. ಕೋಳಿ ಭ್ರೂಣದಲ್ಲೂ ಹಳದಿಯಿಂದ ಬರುವ ಒಂದು ಸಿರೆಗೆ ಕ್ಲಿಪ್ ಹಾಕಿದರೆ ಹೃದಯದಲ್ಲಿ ದೋಷ ಕಾಣಿಸಿಕೊಳ್ಳುತ್ತದೆ. ನೂರು ಮಕ್ಕಳು ಹುಟ್ಟಿದರೆ ಸುಮಾರು ಒಂದು ಮಗುವಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ಮನುಷ್ಯರಲ್ಲಿ ಹೃದಯ ಬಡಿಯಲು ಶುರುವಾಗುವುದು ಗರ್ಭಧಾರಣೆಯಾದ ಸುಮಾರು 22ನೇ ದಿನಕ್ಕೆ. ಆಗ ಒಳಗೆ ಏನಾಗುತ್ತದೆ ಎಂದು ನೇರವಾಗಿ ನೋಡಲು ಆಗುವುದಿಲ್ಲ. ಕೋಳಿಯದೂ ಕೊನೆಗೆ ನಾಲ್ಕು ಕೋಣೆಯ ಹೃದಯವೇ ಆಗುತ್ತದೆ. ಹಾಗಾಗಿ ಮೊಟ್ಟೆ ನಮಗೆ ಸಿಕ್ಕ ದೊಡ್ಡ ಅವಕಾಶ.

ಈ ಬರಹ ಬಿಎಸ್ಸಿ, ಎಂಎಸ್ಸಿ, ಬಯೋಮೆಡಿಕಲ್ ಇಂಜಿನಿಯರಿಂಗ್ ಹುಡುಗ ಹುಡುಗಿಯರಿಗೆ ಮತ್ತು ಅವರ ಮೇಷ್ಟ್ರುಗಳಿಗೆ. ಒಂದು ಸ್ಟೀರಿಯೊ ಮೈಕ್ರೋಸ್ಕೋಪ್, ಸ್ಲೋ ಮೋಷನ್ ಇರುವ ಫೋನ್, ಒಂದು ಕಾವು ಪೆಟ್ಟಿಗೆ ಇದ್ದರೆ ಶುರು ಮಾಡಬಹುದು. ಎಲ್ಲರೂ ಮೊದಲು ಕ್ಯಾಮೆರಾ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಪ್ರಕಾರ ಅಳತೆ ಕೆಡುವುದು ಕ್ಯಾಮೆರಾದಿಂದಲ್ಲ, ಉಷ್ಣಾಂಶದಿಂದ. ಓದುತ್ತಾ ಹೋದರೆ ಯಾಕೆ ಅಂತ ಗೊತ್ತಾಗುತ್ತದೆ.

ಮೊದಲು ಅನುಮತಿ

ನಾವು ಇಲ್ಲಿ ಮೂರು, ಹೆಚ್ಚೆಂದರೆ ನಾಲ್ಕು ದಿನದ ಭ್ರೂಣದಲ್ಲೇ ನಿಲ್ಲಿಸುತ್ತೇವೆ. ಮರಿ ಹೊರಬರಲು 21 ದಿನ ಬೇಕು. ಮೂರು ದಿನದ ಭ್ರೂಣದಲ್ಲಿ ನೋವನ್ನು ಗ್ರಹಿಸುವಷ್ಟು ಮಿದುಳು ಬೆಳೆದಿರುವುದಿಲ್ಲ. ಆದರೂ ನಿಮ್ಮ ಕಾಲೇಜಿನ ಪ್ರಾಣಿ ನೈತಿಕ ಸಮಿತಿಗೆ ಒಂದು ಪತ್ರ ಕೊಟ್ಟು, ಒಪ್ಪಿಗೆಯನ್ನು ಬರಹದಲ್ಲೇ ತೆಗೆದುಕೊಳ್ಳಿ. ಪ್ರಯೋಗ ಮುಗಿದ ಮೇಲೆ ಮೊಟ್ಟೆಯನ್ನು ಫ್ರೀಜರ್‌ನಲ್ಲಿ ಇಡೀ ರಾತ್ರಿ ಇಟ್ಟು, ಆಮೇಲೆ ಜೈವಿಕ ತ್ಯಾಜ್ಯದ ಹಳದಿ ಚೀಲಕ್ಕೆ ಹಾಕಿ. ಬೆಳೆದ ಭ್ರೂಣವನ್ನು ಮತ್ತೆ ಕಾವಿಗೆ ಇಟ್ಟು ಮರಿ ಮಾಡಿಸುವ ಆಸೆ ಬೇಡ.

ಮೊಟ್ಟೆ ತರುವುದು

ಅಂಗಡಿಯಲ್ಲಿ ಸಿಗುವ ಬಿಳಿ ಮೊಟ್ಟೆ ಉಪಯೋಗಕ್ಕೆ ಬರುವುದಿಲ್ಲ. ಆ ಮೊಟ್ಟೆ ಬರುವ ಫಾರಂಗಳಲ್ಲಿ ಹುಂಜ ಇರುವುದಿಲ್ಲ, ಮೊಟ್ಟೆ ಫಲಿತವಾಗಿರುವುದಿಲ್ಲ. ನಾಟಿ ಕೋಳಿ ಮೊಟ್ಟೆ ಫಲಿತವಾಗಿರಬಹುದು, ಆದರೆ ಎಷ್ಟು ದಿನದ ಹಳೆಯದು ಎಂದು ಯಾರಿಗೂ ಗೊತ್ತಿರುವುದಿಲ್ಲ. ಬೆಂಗಳೂರಿನವರಿಗೆ ಅನುಕೂಲ ಎಂದರೆ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕುಕ್ಕುಟ ಅಭಿವೃದ್ಧಿ ಸಂಸ್ಥೆ ಇದೆ, ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಮೊದಲೇ ಫೋನ್ ಮಾಡಿ, ಕಾಲೇಜಿನ ಪತ್ರ ಹಿಡಿದು ವಿಚಾರಿಸಿ. ಊರಾಚೆಯ ಹ್ಯಾಚರಿಗಳಲ್ಲೂ ಕೇಳಬಹುದು. ಮೊಟ್ಟೆ ಇಟ್ಟ ದಿನಾಂಕ ಕೇಳುವುದನ್ನು ಮರೆಯಬೇಡಿ. ಒಂದು ವಾರಕ್ಕಿಂತ ಹಳೆಯದು ಬೇಡ.

ದಾರಿಯ ಹಂಪುಗಳಲ್ಲಿ ಮೊಟ್ಟೆ ಅಲುಗಾಡುತ್ತದೆ. ಬೈಕಿನ ಡಿಕ್ಕಿಯಲ್ಲಿ ತರಬೇಡಿ. ಟ್ರೇಯಲ್ಲಿ ಚೂಪು ತುದಿ ಕೆಳಗೆ ಮಾಡಿ ಇಟ್ಟು, ಮಡಿಲಲ್ಲಿ ಇಟ್ಟುಕೊಂಡು ಬನ್ನಿ. ತಂದ ಮೇಲೆ ಕನಿಷ್ಠ ಅರ್ಧ ದಿನ ಹಾಗೇ ಬಿಡಿ.

ಇಟ್ಟುಕೊಳ್ಳುವ ಜಾಗ 15ರಿಂದ 18 ಡಿಗ್ರಿ ಸೆಲ್ಸಿಯಸ್ ಇರಲಿ. ಡಿಸೆಂಬರ್ ರಾತ್ರಿಗಳಲ್ಲಿ ಬೆಂಗಳೂರಿನ ಕೋಣೆಯೇ ಹೆಚ್ಚು ಕಡಿಮೆ ಅಷ್ಟು ತಂಪಾಗಿರುತ್ತದೆ. ಏಪ್ರಿಲ್‌ನಲ್ಲಿ ಕಥೆ ಬೇರೆ. ಕೋಣೆ 30 ದಾಟಿದರೆ ಭ್ರೂಣ ಕಾವು ಪೆಟ್ಟಿಗೆಗೆ ಹೋಗುವ ಮುಂಚೆಯೇ ನಿಧಾನವಾಗಿ ಬೆಳೆಯಲು ಶುರುಮಾಡುತ್ತದೆ. ಆಮೇಲೆ ನೀವು ಬರೆದಿಟ್ಟ ಗಂಟೆಗೂ ಭ್ರೂಣದ ನಿಜವಾದ ವಯಸ್ಸಿಗೂ ತಾಳೆಯಾಗುವುದಿಲ್ಲ.

ಕಾವು

ಪೆಟ್ಟಿಗೆ 37.5ರಿಂದ 38 ಡಿಗ್ರಿ, ತೇವಾಂಶ ಶೇಕಡ 55ರಿಂದ 60. ಒಳಗೆ ಒಂದು ಬಟ್ಟಲು ನೀರು, ಒಂದು ಚಿಕ್ಕ ಫ್ಯಾನ್. ಮೊಟ್ಟೆಯನ್ನು ಅಡ್ಡ ಮಲಗಿಸಿ, ಮೇಲಿನ ಬದಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಮರಿ ಮಾಡಿಸುವವರು ಮೊಟ್ಟೆ ಉರುಳಿಸುತ್ತಾರೆ. ನೀವು ಉರುಳಿಸಬೇಡಿ. ಭ್ರೂಣ ತಾನಾಗಿ ತೇಲಿ ಮೇಲೆ, ಗುರುತಿನ ಕೆಳಗೆ ಬರಬೇಕು.

ಹೃದಯ ಬಡಿಯಲು ಶುರುವಾಗುವುದು ಸುಮಾರು 33ರಿಂದ 36 ಗಂಟೆಗೆ. ನಮಗೆ ಬೇಕಾದದ್ದು 18ನೇ ಹಂತ, ಅಂದರೆ 65ರಿಂದ 69 ಗಂಟೆ. ಈ ಹಂತಗಳ ಪಟ್ಟಿಯನ್ನು ಹ್ಯಾಂಬರ್ಗರ್ ಮತ್ತು ಹ್ಯಾಮಿಲ್ಟನ್ 1951ರಲ್ಲಿ ಮಾಡಿದರು. ಒಟ್ಟು 46 ಹಂತ. ಶುಕ್ರವಾರ ಮಧ್ಯಾಹ್ನ 12ಕ್ಕೆ ಇಟ್ಟರೆ ಸೋಮವಾರ ಬೆಳಿಗ್ಗೆ 9ಕ್ಕೆ 69 ಗಂಟೆ ಆಗುತ್ತದೆ. ಆದರೆ ಗಡಿಯಾರ ನೋಡಿ ಹಂತ ಬರೆಯಬೇಡಿ, ಭ್ರೂಣ ನೋಡಿ ಬರೆಯಿರಿ. ರೆಕ್ಕೆ ಮತ್ತು ಕಾಲಿನ ಮೊಗ್ಗು ಸ್ಪಷ್ಟವಾಗಿ ಉಬ್ಬಿರಬೇಕು. ಕಣ್ಣಿಗೆ ಇನ್ನೂ ಕಪ್ಪು ಬಣ್ಣ ಬಂದಿರಬಾರದು. ವಾರದ ಕೊನೆಯಲ್ಲಿ ಕರೆಂಟ್ ಹೋದರೆ ಬೆಳವಣಿಗೆ ಹಿಂದೆ ಬೀಳುತ್ತದೆ. ಹಾಗಾಗಿ ಪೆಟ್ಟಿಗೆಗೆ ಯುಪಿಎಸ್ ಬೇಕೇ ಬೇಕು.

ಕಿಟಕಿ ಮಾಡುವುದು

ಚಿಪ್ಪಿನ ಮೇಲೆ ಸ್ಪಿರಿಟ್ ಒರೆಸಿ, ಒಣಗಲು ಬಿಡಿ. ಮೊಂಡು ತುದಿಯಲ್ಲಿ ಒಂದು ಸಣ್ಣ ತೂತು ಮಾಡಿ. 18 ಗೇಜ್ ಸೂಜಿಯನ್ನು ಚಿಪ್ಪಿನ ತಳಕ್ಕೆ ತಾಗುವ ಹಾಗೆ ಕೆಳಮುಖವಾಗಿ ತೂರಿಸಿ, 3ರಿಂದ 5 ಮಿಲಿಲೀಟರ್ ಬಿಳಿ ಲೋಳೆ ನಿಧಾನವಾಗಿ ಎಳೆದುಕೊಳ್ಳಿ. ಸಿರಿಂಜ್‌ಗೆ ಹಳದಿ ಬಂದರೆ ಆ ಮೊಟ್ಟೆಯನ್ನು ಬಿಟ್ಟುಬಿಡಿ. ಲೋಳೆ ತೆಗೆದಾಗ ಹಳದಿ ಕೆಳಗೆ ಇಳಿಯುತ್ತದೆ, ಭ್ರೂಣ ಚಿಪ್ಪಿನಿಂದ ದೂರವಾಗುತ್ತದೆ. ಈಗ ಗುರುತಿನ ಮೇಲೆ ಅಗಲದ ಸೆಲೊಟೇಪ್ ಅಂಟಿಸಿ, ಬಾಗಿದ ಕತ್ತರಿಯಿಂದ 2 ಸೆಂಟಿಮೀಟರ್ ಕಿಟಕಿ ಕತ್ತರಿಸಿ. ಟೇಪ್ ಇಲ್ಲದೆ ಕತ್ತರಿಸಿದರೆ ಚಿಪ್ಪಿನ ಚೂರು ನೇರ ನಾಳಗಳ ಮೇಲೆ ಬೀಳುತ್ತದೆ. ರಕ್ತ ಸೋರಿದರೆ ಆ ಭ್ರೂಣದ ಅಳತೆಗೆ ಬೆಲೆ ಇಲ್ಲ.

ಮೇಲೆ ಎರಡು ಹನಿ ಬೆಚ್ಚಗಿನ ಲವಣ ದ್ರಾವಣ ಹಾಕಿ. ತಣ್ಣಗಿನದು ಹಾಕಿದರೆ ಹೃದಯ ಕಣ್ಣೆದುರೇ ನಿಧಾನವಾಗುತ್ತದೆ.

ಈಗ ಮೈಕ್ರೋಸ್ಕೋಪ್ ಕೆಳಗೆ ಇಟ್ಟು, ರೆಕಾರ್ಡ್ ಮಾಡುವ ಮುಂಚೆ ಐದು ನಿಮಿಷ ಸುಮ್ಮನೆ ನೋಡಿ. ಭ್ರೂಣ ಎಡಮಗ್ಗುಲಾಗಿ ಮಲಗಿರುತ್ತದೆ, ನಮಗೆ ಕಾಣುವುದು ಬಲಬದಿ. ಹಳದಿಯ ಮೇಲಿನ ಸಿರೆಗಳಿಂದ ರಕ್ತ ಹೃತ್ಕರ್ಣಕ್ಕೆ ಬರುತ್ತದೆ. ಅಲ್ಲಿಂದ ಕಿರಿದಾದ ಒಂದು ಕಾಲುವೆ ದಾಟಿ ಹೃತ್ಕುಕ್ಷಿಗೆ ಹೋಗುತ್ತದೆ. ಆಮೇಲೆ ಹೊರಹರಿವಿನ ಕೊಳವೆಯಲ್ಲಿ ಏರಿ, ಕತ್ತಿನ ಕಮಾನುಗಳನ್ನು ಸುತ್ತಿ ಮಹಾಪಧಮನಿಗೆ ಸೇರುತ್ತದೆ. ಸಂಕೋಚನದ ಅಲೆ ಇದೇ ದಾರಿಯಲ್ಲಿ ಓಡುವುದು ಕಾಣುತ್ತದೆ. ಕರ್ಣ ಮೊದಲು ಬಿಳಿಚುತ್ತದೆ, ಆಮೇಲೆ ಕುಕ್ಷಿ, ಕೊನೆಗೆ ಕೊಳವೆ. ಕವಾಟ ಇಲ್ಲದಿದ್ದರೂ ಒಳಗೋಡೆಯ ಮೆತ್ತನೆಯ ದಿಂಬುಗಳು ಒಂದಕ್ಕೊಂದು ಒತ್ತಿಕೊಂಡು ದಾರಿ ಮುಚ್ಚುತ್ತವೆ. ಎಷ್ಟು ಸಲ ನೋಡಿದರೂ ನನಗೆ ಇದು ಬೇಸರವಾಗುವುದಿಲ್ಲ.

ಉಷ್ಣಾಂಶ: ಎಲ್ಲಕ್ಕಿಂತ ಮುಖ್ಯ

ಪೆಟ್ಟಿಗೆಯಿಂದ ಹೊರಗೆ ತೆಗೆದ ಕ್ಷಣದಿಂದ ಮೊಟ್ಟೆ ತಣ್ಣಗಾಗುತ್ತದೆ. ಕಿಟಕಿ ತೆರೆದ ಮೇಲಂತೂ ಆವಿಯ ಜೊತೆ ಶಾಖವೂ ಹೋಗುತ್ತದೆ. ಎಸಿ ಹಾಕಿದ ಮೈಕ್ರೋಸ್ಕೋಪ್ ಕೋಣೆಯಲ್ಲಿ ಇದು ಇನ್ನೂ ಜಾಸ್ತಿ. ಉಷ್ಣಾಂಶ 10 ಡಿಗ್ರಿ ಇಳಿದರೆ ಹೃದಯ ಬಡಿತ ಹೆಚ್ಚು ಕಡಿಮೆ ಅರ್ಧವಾಗುತ್ತದೆ. ಆ ಲೆಕ್ಕದಲ್ಲಿ ಬರೀ 3 ಡಿಗ್ರಿ ಇಳಿದರೂ ನಿಮಿಷಕ್ಕೆ 120 ಇದ್ದದ್ದು 97ರ ಹತ್ತಿರ ಬರುತ್ತದೆ. ರಕ್ತದ ವೇಗವೂ ಅದರ ಜೊತೆ ಇಳಿಯುತ್ತದೆ. ಔಷಧಿ ಹಾಕಿದ ಗುಂಪು, ಹಾಕದ ಗುಂಪು ಎಂದು ಹೋಲಿಸುವಾಗ ಒಂದು ಗುಂಪನ್ನು ಬೆಳಿಗ್ಗೆ, ಇನ್ನೊಂದನ್ನು ಮಧ್ಯಾಹ್ನ ಅಳೆದರೆ ಏನಾಗುತ್ತದೆ ಯೋಚಿಸಿ. ಕೋಣೆಯ ವ್ಯತ್ಯಾಸವನ್ನೇ ಔಷಧಿಯ ಪರಿಣಾಮ ಅಂದುಕೊಳ್ಳುತ್ತೀರಿ, ಅಲ್ವಾ?

ಪರಿಹಾರ ದುಬಾರಿಯಲ್ಲ. ಎಸ್.ಪಿ. ರೋಡ್‌ನಲ್ಲಿ ಚಿಕ್ಕ ಡಿಜಿಟಲ್ ಥರ್ಮೋಸ್ಟಾಟ್ ಬೋರ್ಡ್, ಹೀಟಿಂಗ್ ಪ್ಯಾಡ್, ನೀರು ತಾಗಿದರೂ ಕೆಡದ ಸೆನ್ಸರ್ ಎಲ್ಲವೂ ಸಿಗುತ್ತವೆ. ಒಂದು ಸ್ಟೀಲ್ ಬಟ್ಟಲಿಗೆ ಒಣ ಮರಳು ತುಂಬಿ, ಕೆಳಗೆ ಪ್ಯಾಡ್ ಇಟ್ಟು, ಮೊಟ್ಟೆಯನ್ನು ಅರ್ಧ ಮರಳಲ್ಲಿ ಹೂತಿಡಿ. ಸೆನ್ಸರ್ ಮರಳಲ್ಲಿ ಇದ್ದರೆ ಸಾಲದು. ಇನ್ನೊಂದು ತೆಳುವಾದ ಸೆನ್ಸರ್ ತುದಿ ಮೊಟ್ಟೆಯೊಳಗೆ, ಭ್ರೂಣದ ಪಕ್ಕದ ಲೋಳೆಯಲ್ಲಿ ಇರಬೇಕು. ನೀವು ಬರೆದುಕೊಳ್ಳಬೇಕಾದದ್ದು ಆ ಅಂಕಿ. ಕಿಟಕಿಯ ಮೇಲೆ ಬೆಚ್ಚಗೆ ಮಾಡಿದ ಕವರ್‌ಸ್ಲಿಪ್ ಮುಚ್ಚಿ. ತಣ್ಣಗಿನ ಗಾಜು ಮಂಜು ಹಿಡಿಯುತ್ತದೆ.

ಸೆನ್ಸರ್ ಸರಿ ಇದೆಯಾ ಎಂದು ನೋಡಲು ಪುಡಿ ಮಾಡಿದ ಐಸ್ ಮತ್ತು ನೀರಿನ ಮಿಶ್ರಣ ಬಳಸಿ. ಅಲ್ಲಿ 0 ಬರಬೇಕು. ಕುದಿಯುವ ನೀರಿನಲ್ಲಿ 100 ಬರುತ್ತದೆ ಎಂದು ಕಾಯಬೇಡಿ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಒಳಗಿನ ಸೆನ್ಸರ್ 37.5ಕ್ಕೆ ಬಂದು ಹತ್ತು ನಿಮಿಷ ಅಲ್ಲೇ ನಿಂತ ಮೇಲೆ ಮಾತ್ರ ರೆಕಾರ್ಡ್ ಬಟನ್ ಒತ್ತಿ.

ಬೆಳಕು

ಹಳದಿಯ ಮೇಲೆ ಕೆಂಪು ನಾಳ, ಬಿಳಿ ಬೆಳಕಲ್ಲಿ ಮಸುಕಾಗಿ ಕಾಣುತ್ತದೆ. ಹಿಮೋಗ್ಲೋಬಿನ್ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ, ಮುಖ್ಯವಾಗಿ 540 ಮತ್ತು 577 ನ್ಯಾನೋಮೀಟರ್ ಹತ್ತಿರ. ಹಳದಿ ಭಾಗ ಹಸಿರನ್ನು ವಾಪಸ್ ಕಳಿಸುತ್ತದೆ. ಹಾಗಾಗಿ ಹಸಿರು ಎಲ್‌ಇಡಿ ಹಾಕಿದರೆ ರಕ್ತ ಕಪ್ಪಗೆ, ಹಿನ್ನೆಲೆ ಬೆಳ್ಳಗೆ ಕಾಣುತ್ತದೆ. ಎಲ್‌ಇಡಿಯನ್ನು ಬ್ಯಾಟರಿಯಿಂದಲೇ ನಡೆಸಿ. ನಮ್ಮ ಮನೆಗೆ ಬರುವ ಕರೆಂಟ್ 50 ಹರ್ಟ್ಸ್. ಅದರಿಂದ ನೇರವಾಗಿ ಉರಿಯುವ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಸ್ಲೋ ಮೋಷನ್‌ನಲ್ಲಿ ಆ ಮಿನುಗು ಪಟ್ಟೆ ಪಟ್ಟೆಯಾಗಿ ಕಾಣುತ್ತದೆ, ಲೆಕ್ಕವನ್ನೂ ಕೆಡಿಸುತ್ತದೆ.

ಒದ್ದೆ ಮೇಲ್ಮೈಯ ಹೊಳಪು ತೊಂದರೆ ಕೊಟ್ಟರೆ ಎಲ್‌ಇಡಿ ಮುಂದೆ ಒಂದು ಪೋಲರೈಸರ್ ಹಾಳೆ, ಲೆನ್ಸ್ ಮುಂದೆ ಇನ್ನೊಂದನ್ನು ಅಡ್ಡವಾಗಿ ಇಡಿ. ಹಾಳಾದ ಎಲ್‌ಸಿಡಿ ಪರದೆಯಿಂದ ಬಿಡಿಸಿದ ಹಾಳೆಯೂ ನಡೆಯುತ್ತದೆ.

ಕ್ಯಾಮೆರಾದ ವೇಗ ಮತ್ತು ಅಳತೆಗೋಲು

ಕೋಳಿಯ ಕೆಂಪು ರಕ್ತಕಣ ಅಂಡಾಕಾರ, ಉದ್ದ ಸುಮಾರು 12 ಮೈಕ್ರಾನ್. ಹಳದಿಯ ಮೇಲಿನ ಒಂದು ನಾಳದಲ್ಲಿ ಅದು ಸೆಕೆಂಡಿಗೆ 2 ಮಿಲಿಮೀಟರ್ ಓಡುತ್ತಿದೆ ಅಂದುಕೊಳ್ಳಿ. ಸೆಕೆಂಡಿಗೆ 30 ಚಿತ್ರ ತೆಗೆದರೆ ಎರಡು ಚಿತ್ರಗಳ ನಡುವೆ ಕಣ 67 ಮೈಕ್ರಾನ್ ಮುಂದೆ ಹೋಗಿರುತ್ತದೆ. ಅಂದರೆ ತನ್ನ ಉದ್ದದ ಐದು ಪಟ್ಟಿಗೂ ಹೆಚ್ಚು. ಯಾವ ಕಣ ಯಾವುದು ಎಂದು ಹೇಳಲು ಆಗುವುದಿಲ್ಲ. 240 ಚಿತ್ರ ತೆಗೆದರೆ ಅದು 8 ಮೈಕ್ರಾನ್ ಮಾತ್ರ. ಆಗ ಹಿಂಬಾಲಿಸಬಹುದು. ಹೃದಯದ ಹೊರಹರಿವಿನ ಕೊಳವೆಯಲ್ಲಿ ವೇಗ ಸೆಕೆಂಡಿಗೆ ಹತ್ತಾರು ಮಿಲಿಮೀಟರ್ ಇರುತ್ತದೆ. ಅಲ್ಲಿ ಫೋನ್ ಕೈಲಾಗುವುದಿಲ್ಲ. ಹಾಗಾಗಿ ಕೆಲಸ ಹೀಗೆ ಹಂಚಿಕೊಳ್ಳಿ: ಫೋನ್‌ನಿಂದ ಹಳದಿ ಮೇಲಿನ ನಾಳಗಳ ವೇಗ, ಹೃದಯದ ಬಡಿತ, ಗೋಡೆಯ ಚಲನೆ. ಹೃದಯದೊಳಗಿನ ವೇಗಕ್ಕೆ ಮುಂದೆ ಹೇಳುವ ಒಸಿಟಿ (ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ), ಅಂದರೆ ಬೆಳಕಿನಿಂದ ಒಳಗಿನ ಸೀಳು ತೋರಿಸುವ ವಿಧಾನ.

ಫೋನ್ 240 ಎಂದು ಹೇಳಿದರೆ ನಂಬಬೇಡಿ. ಕೆಲವು ಫೋನ್‌ಗಳು ನಡುವಿನ ಚಿತ್ರಗಳನ್ನು ತಾವೇ ಹುಟ್ಟಿಸುತ್ತವೆ. ಪರೀಕ್ಷೆ ಸುಲಭ. ಕರೆಂಟಿನಿಂದ ನೇರವಾಗಿ ಉರಿಯುವ, ಮಿನುಗುವ ಒಂದು ದೀಪವನ್ನು ಸ್ಲೋ ಮೋಷನ್‌ನಲ್ಲಿ ಹಿಡಿಯಿರಿ. ನಿಜವಾಗಿ 240 ಇದ್ದರೆ 24 ಚಿತ್ರಗಳಲ್ಲಿ 10 ಮಿನುಗು ಬರಬೇಕು. ಆಮೇಲೆ ಫೋಕಸ್ ಮತ್ತು ಎಕ್ಸ್‌ಪೋಷರ್ ಲಾಕ್ ಮಾಡಿ, ಫೋನನ್ನು ಐಪೀಸ್‌ಗೆ ಹೋಲ್ಡರ್‌ನಿಂದ ಬಿಗಿಯಿರಿ. ಕೈಯಲ್ಲಿ ಹಿಡಿದರೆ ಆಗುವುದಿಲ್ಲ. ಹತ್ತು ಸೆಕೆಂಡ್ ಸಾಕು, ಅದರಲ್ಲಿ ಇಪ್ಪತ್ತು ಬಡಿತ ಸಿಗುತ್ತದೆ.

ಝೂಮ್ ಮುಟ್ಟದೆ, ಅದೇ ಜಾಗದಲ್ಲಿ ಅಳತೆಗೋಲಿನ ಚಿತ್ರ ತೆಗೆಯಿರಿ. ಸ್ಟೇಜ್ ಮೈಕ್ರೋಮೀಟರ್ ಇಲ್ಲದಿದ್ದರೆ ರಕ್ತಕಣ ಎಣಿಸುವ ನ್ಯೂಬಾರ್ ಗಾಜು ಪ್ರತಿ ಜೀವಶಾಸ್ತ್ರ ಲ್ಯಾಬ್‌ನಲ್ಲೂ ಇರುತ್ತದೆ. ಅದರ ದೊಡ್ಡ ಚೌಕ 1 ಮಿಲಿಮೀಟರ್, ತೀರ ಚಿಕ್ಕ ಚೌಕ 50 ಮೈಕ್ರಾನ್.

ವಿಡಿಯೊದಿಂದ ವೇಗ ತೆಗೆಯುವುದು

ಇದಕ್ಕೆ ಇಮೇಜ್-ಜೆ ಎಂಬ ಚಿತ್ರ ಅಳೆಯುವ ಸಾಫ್ಟ್‌ವೇರ್ ಅಥವಾ ಅದರದೇ ರೂಪವಾದ ಫಿಜಿ ಸಾಕು. ಎರಡೂ ಉಚಿತ. ವಿಡಿಯೊವನ್ನು ಚಿತ್ರಗಳ ಸಾಲಾಗಿ ಬದಲಿಸಿ ತೆರೆಯಿರಿ. ಬಣ್ಣಗಳನ್ನು ಬೇರೆ ಮಾಡಿ ಹಸಿರು ಮಾತ್ರ ಉಳಿಸಿಕೊಳ್ಳಿ. ಅಳತೆಗೋಲಿನ ಚಿತ್ರದಿಂದ ಸೆಟ್ ಸ್ಕೇಲ್ ಮಾಡಿ. ಎಲ್ಲಾ ಚಿತ್ರಗಳ ಸರಾಸರಿ ಚಿತ್ರ ಮಾಡಿ, ಅದನ್ನು ಪ್ರತಿ ಚಿತ್ರದಿಂದ ಕಳೆಯಿರಿ. ನಿಂತದ್ದೆಲ್ಲ ಮಾಯವಾಗಿ ಓಡುವ ಕಣಗಳು ಮಾತ್ರ ಎದ್ದು ಕಾಣುತ್ತವೆ.

ಈಗ ನೇರವಾದ ಒಂದು ನಾಳ ಹುಡುಕಿ. ಅದರ ನಟ್ಟನಡುವೆ, ಉದ್ದಕ್ಕೆ ಒಂದು ಗೆರೆ ಎಳೆಯಿರಿ. ರೀಸ್ಲೈಸ್ ಒತ್ತಿ. ಹೊಸದೊಂದು ಚಿತ್ರ ಬರುತ್ತದೆ: ಅಡ್ಡಕ್ಕೆ ದೂರ, ಕೆಳಮುಖವಾಗಿ ಸಮಯ. ಇದಕ್ಕೆ ಕೈಮೋಗ್ರಾಫ್ ಎನ್ನುತ್ತಾರೆ. ಪ್ರತಿ ಕಣವೂ ಇಲ್ಲಿ ಒಂದು ಓರೆ ಗೆರೆ. ಗೆರೆ ಮಲಗಿದಷ್ಟೂ ವೇಗ ಜಾಸ್ತಿ, ನಿಂತಷ್ಟೂ ಕಡಿಮೆ. ಒಂದು ಗೆರೆ 5 ಚಿತ್ರಗಳಲ್ಲಿ 40 ಮೈಕ್ರಾನ್ ಸಾಗಿದ್ದರೆ ಸಮಯ 5 ÷ 240, ಅಂದರೆ 0.0208 ಸೆಕೆಂಡ್. ವೇಗ ಸೆಕೆಂಡಿಗೆ 1.92 ಮಿಲಿಮೀಟರ್. ಅಪಧಮನಿಯಲ್ಲಿ ಗೆರೆಗಳು ನೇರವಾಗಿರುವುದಿಲ್ಲ. ಪ್ರತಿ ಬಡಿತಕ್ಕೂ ಬಾಗಿ, ಮತ್ತೆ ಏಳುತ್ತವೆ. ಆ ಬಾಗು ನಾಡಿಯದು. ಸಿರೆಯಲ್ಲಿ ಬಾಗು ಕಡಿಮೆ.

ಒಂದು ಎಚ್ಚರಿಕೆ. ಎರಡು ಚಿತ್ರಗಳ ನಡುವೆ ಕಣ, ಪಕ್ಕದ ಕಣದ ಅರ್ಧ ದೂರಕ್ಕಿಂತ ಹೆಚ್ಚು ಓಡಿದರೆ ಗೆರೆಗಳು ಹಿಂದಕ್ಕೆ ಹೋದ ಹಾಗೆ ಕಾಣುತ್ತವೆ. ರಕ್ತ ಉಲ್ಟಾ ಹರಿಯುತ್ತಿದೆ ಎಂದು ಸಂಭ್ರಮಪಡುವ ಮುಂಚೆ ಇನ್ನೂ ಚಿಕ್ಕ ನಾಳದಲ್ಲಿ ಪರೀಕ್ಷಿಸಿ. ಇನ್ನೊಂದು ವಿಷಯ: ನಾಳದ ಮೇಲಿನ ಪದರ, ನಡುವಿನ ಪದರ ಎರಡೂ ಒಂದೇ ಚಿತ್ರದಲ್ಲಿ ಬೆರೆತಿರುತ್ತವೆ. ಹಾಗಾಗಿ ಸಿಗುವ ವೇಗ ಸರಾಸರಿಗೂ ಗರಿಷ್ಠಕ್ಕೂ ನಡುವಿನದು. ವರದಿಯಲ್ಲಿ ಹಾಗೆಂದೇ ಬರೆಯಿರಿ.

ಬಡಿತದ ಲೆಕ್ಕಕ್ಕೆ ಕುಕ್ಷಿಯ ಅಂಚಿನ ಮೇಲೆ ಒಂದು ಚಿಕ್ಕ ಚೌಕ ಹಾಕಿ, ಝಡ್ ಆಕ್ಸಿಸ್ ಪ್ರೊಫೈಲ್ ತೆಗೆಯಿರಿ. ಚೌಕದ ಹೊಳಪಿನ ಏರಿಳಿತದ ಶಿಖರಗಳನ್ನು ಎಣಿಸಿದರೆ ಮುಗಿಯಿತು.

ಗೋಡೆಯ ಮೇಲಿನ ಎಳೆತ

ನಾಳದ ಒಳಗೋಡೆಯ ಕೋಶಗಳು ರಕ್ತ ತಮ್ಮನ್ನು ಎಷ್ಟು ಎಳೆಯುತ್ತಿದೆ ಎಂಬುದನ್ನು ಗ್ರಹಿಸುತ್ತವೆ. ಅದಕ್ಕೆ ತಕ್ಕಂತೆ ಜೀನ್‌ಗಳು ಎಚ್ಚರಗೊಳ್ಳುತ್ತವೆ. ಅಂದಾಜು ಲೆಕ್ಕ ಹೀಗೆ: 8 × ರಕ್ತದ ಸ್ನಿಗ್ಧತೆ × ಸರಾಸರಿ ವೇಗ ÷ ನಾಳದ ವ್ಯಾಸ. ಸ್ನಿಗ್ಧತೆಯನ್ನು 0.003 ಪ್ಯಾಸ್ಕಲ್-ಸೆಕೆಂಡ್ ಎಂದು ಹಿಡಿಯಿರಿ. ವೇಗ ಸೆಕೆಂಡಿಗೆ 1.5 ಮಿಲಿಮೀಟರ್, ವ್ಯಾಸ 100 ಮೈಕ್ರಾನ್ ಇದ್ದರೆ ಎಳೆತ 0.36 ಪ್ಯಾಸ್ಕಲ್. ವ್ಯಾಸವನ್ನು ತಪ್ಪಿ 90 ಎಂದು ಅಳೆದರೆ ಎಳೆತ ಶೇಕಡ 11 ಹೆಚ್ಚು ಬರುತ್ತದೆ. ಹರಿವಿನ ಪ್ರಮಾಣ ಶೇಕಡ 19 ಕಡಿಮೆ ಬರುತ್ತದೆ. ವೇಗಕ್ಕೆ ಕೊಡುವ ಗಮನವನ್ನು ವ್ಯಾಸಕ್ಕೂ ಕೊಡಿ.

ಲೇಸರ್ ಸ್ಪೆಕಲ್

ಇಡೀ ನಾಳಗಳ ಬಲೆಯಲ್ಲಿ ಎಲ್ಲಿ ಹರಿವು ಜೋರು, ಎಲ್ಲಿ ನಿಧಾನ ಎಂದು ಒಂದೇ ಚಿತ್ರದಲ್ಲಿ ನೋಡಬೇಕಾದರೆ ಈ ದಾರಿ. 1981ರಲ್ಲಿ ಫರ್ಚರ್ ಮತ್ತು ಬ್ರಯರ್ಸ್ ತೋರಿಸಿಕೊಟ್ಟದ್ದು. ಕೆಂಪು ಲೇಸರನ್ನು ಹರಡಿ ಬಿಟ್ಟಾಗ ಮೇಲ್ಮೈ ಮೇಲೆ ಸಣ್ಣ ಸಣ್ಣ ಚುಕ್ಕೆಗಳು ಮೂಡುತ್ತವೆ. ರಕ್ತ ಓಡುವ ಕಡೆ ಚುಕ್ಕೆಗಳು ಕದಡಿ ಮಸುಕಾಗುತ್ತವೆ. 7 × 7 ಪಿಕ್ಸೆಲ್‌ನ ಕಿಟಕಿಯಲ್ಲಿ ಹೊಳಪಿನ ಸ್ಟ್ಯಾಂಡರ್ಡ್ ಡೀವಿಯೇಷನ್ ಅನ್ನು ಅದರ ಸರಾಸರಿಯಿಂದ ಭಾಗಿಸಿದರೆ ಹರಿವಿನ ನಕ್ಷೆ ಬರುತ್ತದೆ. ಇದು ಹೋಲಿಕೆಗೆ ಮಾತ್ರ. ಮಿಲಿಮೀಟರ್ ಲೆಕ್ಕ ಕೇಳಬೇಡಿ. ಲೇಸರ್ ಉರಿಯುವಾಗ ಐಪೀಸ್‌ನಲ್ಲಿ ಕಣ್ಣಿಡಲೇ ಬಾರದು.

ಡಾಪ್ಲರ್ ಒಸಿಟಿ: ಹೃದಯದೊಳಕ್ಕೆ

ಕಣ್ಣಿನ ಆಸ್ಪತ್ರೆಗಳಲ್ಲಿ ರೆಟಿನಾ ನೋಡಲು ಬಳಸುವ ಒಸಿಟಿ ಗೊತ್ತಿರಬಹುದು. 1991ರಲ್ಲಿ ಎಂಐಟಿಯ ತಂಡ ಈ ವಿಧಾನವನ್ನು ಪ್ರಕಟಿಸಿತು. ಇದು 1ರಿಂದ 2 ಮಿಲಿಮೀಟರ್ ಆಳದವರೆಗೆ, ಕೆಲವೇ ಮೈಕ್ರಾನ್ ಸ್ಪಷ್ಟತೆಯಲ್ಲಿ ಅಡ್ಡ ಸೀಳು ತೋರಿಸುತ್ತದೆ. ಮೂರು ದಿನದ ಹೃದಯಕ್ಕೆ ಅಷ್ಟು ಆಳ ಸರಿಹೋಗುತ್ತದೆ. ಡಾಪ್ಲರ್, ಅಂದರೆ ಓಡುವ ಕಣಕ್ಕೆ ತಾಗಿ ವಾಪಸ್ ಬರುವ ಬೆಳಕಿನಲ್ಲಾಗುವ ಬದಲಾವಣೆಯ ಲೆಕ್ಕ, ಸೇರಿಸಿದರೆ ಒಳಗಿನ ರಕ್ತದ ವೇಗವೂ ಸಿಗುತ್ತದೆ. ಇದನ್ನು ಕಾಲೇಜಿನಲ್ಲಿ ಕಟ್ಟುವುದು ಕಷ್ಟ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಇದೆ, ಜಿಕೆವಿಕೆ ಆವರಣದಲ್ಲಿ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರ ಇದೆ. ವಿಜ್ಞಾನ ಸಂಸ್ಥೆಯ ವಾರ್ಷಿಕ ಓಪನ್ ಡೇ ದಿನ ಹೋಗಿ, ಆಪ್ಟಿಕ್ಸ್ ಲ್ಯಾಬ್‌ನವರನ್ನು ನೇರ ಮಾತಾಡಿಸಿ. ನಿಮ್ಮ ಕೈಮೋಗ್ರಾಫ್‌ಗಳನ್ನು ಜೊತೆಗೆ ಒಯ್ದರೆ ಮಾತು ಬೇಗ ಮುಂದೆ ಹೋಗುತ್ತದೆ.

ಹೋಗುವ ಮುಂಚೆ ಎರಡು ಲೆಕ್ಕ ತಿಳಿದಿರಲಿ. ಮೊದಲನೆಯದು ವೇಗದ ಮಿತಿ. 1310 ನ್ಯಾನೋಮೀಟರ್ ಬೆಳಕಿನಲ್ಲಿ, ಸೆಕೆಂಡಿಗೆ 20,000 ಗೆರೆ (ಒಂದೊಂದು ಜಾಗದಲ್ಲಿ ಆಳಕ್ಕೆ ತೆಗೆಯುವ ಅಳತೆ) ತೆಗೆಯುವ ಯಂತ್ರ, ಕಿರಣದ ದಿಕ್ಕಿನಲ್ಲಿ ಸೆಕೆಂಡಿಗೆ 4.9 ಮಿಲಿಮೀಟರ್‌ವರೆಗೆ ಮಾತ್ರ ಗೊಂದಲವಿಲ್ಲದೆ ಅಳೆಯುತ್ತದೆ. ಅದಕ್ಕಿಂತ ಜೋರಾದರೆ ಹರಿವಿನ ದಿಕ್ಕು ತೋರಿಸುವ ಬಣ್ಣ ಉಲ್ಟಾ ಆಗುತ್ತದೆ. 1,00,000 ಗೆರೆಯ ಯಂತ್ರದಲ್ಲಿ ಮಿತಿ 24 ಮಿಲಿಮೀಟರ್ ಹತ್ತಿರ.

ಎರಡನೆಯದು ಕೋನ. ಡಾಪ್ಲರ್‌ಗೆ ಕಾಣುವುದು ಕಿರಣದ ದಿಕ್ಕಿನ ವೇಗ ಮಾತ್ರ. ನಿಜವಾದ ವೇಗ ಬೇಕಾದರೆ ಕೋನದ ಕೊಸೈನ್‌ನಿಂದ ಭಾಗಿಸಬೇಕು. ನಾಳ ಕಿರಣಕ್ಕೆ 60 ಡಿಗ್ರಿಯಲ್ಲಿದ್ದರೆ 0.5ರಿಂದ, 80 ಡಿಗ್ರಿಯಲ್ಲಿದ್ದರೆ 0.17ರಿಂದ, 85ರಲ್ಲಿದ್ದರೆ 0.087ರಿಂದ. 80ರ ಬದಲು 85 ಎಂದು ತಪ್ಪಿ ಅಳೆದರೆ ಉತ್ತರ ಎರಡು ಪಟ್ಟು ಆಗಿಬಿಡುತ್ತದೆ. ಹೊರಹರಿವಿನ ಕೊಳವೆ ಬಾಗಿರುತ್ತದೆ, ಪ್ರತಿ ಬಡಿತಕ್ಕೂ ತಿರುಚಿಕೊಳ್ಳುತ್ತದೆ. ಆದ್ದರಿಂದ ಮೂರು ಆಯಾಮದ ಚಿತ್ರ ಮೊದಲು ತೆಗೆಸಿಕೊಂಡು, ಕೊಳವೆಯ ನಡುಗೆರೆ ಗುರುತಿಸಿ, ಅಲ್ಲಿಂದ ಕೋನ ಲೆಕ್ಕ ಹಾಕಿ. 75 ಡಿಗ್ರಿ ದಾಟಿದ ಜಾಗದ ಅಂಕಿಗಳನ್ನು ನಾನಾದರೆ ಕೈಬಿಡುತ್ತೇನೆ. ಮೊಟ್ಟೆಯನ್ನು ಸ್ವಲ್ಪ ವಾಲಿಸಿದರೆ ಅದೇ ಕೊಳವೆ ಒಳ್ಳೆಯ ಕೋನಕ್ಕೆ ಬರುತ್ತದೆ. ವಾಲಿಸಿದ ಮೇಲೆ ಒಳಗಿನ ಸೆನ್ಸರ್ ಮತ್ತೆ 37.5 ತೋರಿಸುವವರೆಗೆ ಕಾಯಿರಿ.